ಫ್ಯೂಸಿನ ಜಾಗದಲ್ಲಿ ಬೆಳ್ಳಿ ಕಾಗದ

ನಮ್ಮ ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂದುಗಡೆ ಕೆಂಪು ದೀಪ ಬಂದದ್ದು ಒಬ್ಬ ಹಾಲಿನವನ ಎರಡು ಹಲ್ಲು ಮುರಿದ ಮೇಲೆ.

ನಾನು ಹುಳಿಮಾವಿಗೆ ಸೊಸೆಯಾಗಿ ಬಂದು ಆಗ ನಾಲ್ಕು ವರ್ಷವಾಗಿತ್ತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿನ ಸುತ್ತ ಇನ್ನೂ ರಾಗಿ ಹೊಲಗಳೇ ಇದ್ದವು. ಆದರೆ ಜೆ.ಪಿ. ನಗರದ ಕಡೆ ಒಂದೊಂದೇ ಸೈಟಿನಲ್ಲಿ ಪಾಯ ತೆಗೆಯುತ್ತಿದ್ದರು; ಆ ಪಾಯಗಳಿಗೆ ಸೈಜುಗಲ್ಲು, ಇಟ್ಟಿಗೆ ಬೇಕಿತ್ತು. ನನ್ನ ಭಾವ, ಅಂದರೆ ಗಂಡನ ಅಣ್ಣ, ಉಳುಮೆಗೆಂದು ತಂದ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ವಾರದಲ್ಲಿ ಐದು ದಿನ ಕಲ್ಲು ಸಾಗಿಸುತ್ತಿದ್ದರು. ಒಂದು ಸಂಜೆ ಮಬ್ಬುಗತ್ತಲಲ್ಲಿ ಬನ್ನೇರುಘಟ್ಟ ರಸ್ತೆಯ ಅಂಚಿಗೆ ಗಾಡಿ ನಿಲ್ಲಿಸಿ ಚಕ್ರ ನೋಡುತ್ತಿದ್ದಾಗ, ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ಸೈಕಲ್ಲಿನವನೊಬ್ಬ ಟ್ರೇಲರ್ ಕಾಣದೆ ನೇರವಾಗಿ ಅದರ ಹಿಂಬಾಗಿಲಿಗೆ ಹೊಡೆದ. ಭಾವ ಅವನನ್ನು ಜಯನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿ ಬಂದರು. ಬಂದವರು ಊಟ ಮಾಡಲಿಲ್ಲ. ಅವರ ಬನಿಯನ್ನಿನ ಮೇಲೆ ಹಾಲೂ ರಕ್ತವೂ ಕಲೆತು ಒಣಗಿತ್ತು.

ಅತ್ತೆ ಆ ಬನಿಯನ್ನನ್ನು ನೋಡಿದವರೇ, "ಇವತ್ತು ಹಲ್ಲು ಹೋಯ್ತು. ನಾಳೆ ಜೀವ ಹೋದ್ರೆ? ಹಿಂದೆ ದೀಪ ಇಲ್ದೆ ಸೂರ್ಯ ಮುಳುಗಿದ್ಮೇಲೆ ಈ ಗಾಡಿ ರಸ್ತೆಗೆ ಇಳೀಕೂಡ್ದು" ಎಂದರು. ಅತ್ತೆ ಹೇಳಿದರೆ ಮುಗಿಯಿತು. ಮಾವ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದವರು ಅವರು.

ಭಾವ ಯಾರೋ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಅರ್ಧ ದಿನದಲ್ಲಿ ಎರಡು ಕೆಂಪು ದೀಪ ಹಾಕಿಸಿದರು. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಒಂದು ಸಾಕೆಟ್ಟು, ಟ್ರೇಲರಿನ ಮುಂದೆ ಚಾಚಿದ ಮೂಕಿಯಿಂದ ಬರುವ ತಂತಿಗೆ ಒಂದು ಪ್ಲಗ್ಗು. ಆ ತಂತಿ ಟ್ರೇಲರಿನ ಹಲಗೆಗಳ ಅಡಿಯಲ್ಲಿ ಹಾದು ಹಿಂದಿನ ದೀಪಗಳಿಗೆ ಹೋಗುತ್ತಿತ್ತು. ಮೊದಲ ದಿನ ನಾವೆಲ್ಲ ಹಟ್ಟಿಯ ಮುಂದೆ ನಿಂತು ಅವು ಉರಿಯುವುದನ್ನು ನೋಡಿದೆವು. ಅತ್ತೆ ಅರಿಶಿನ ಕುಂಕುಮ ಇಟ್ಟರು.

ಮೂರನೆಯ ದಿನ ದೀಪ ಹೋಯಿತು. ಬಲ್ಬು ನೋಡಿದರೆ ಸರಿಯಾಗಿತ್ತು, ಹೋಗಿದ್ದದ್ದು ಫ್ಯೂಸು. ಅಲ್ಲಿಂದ ಅದು ನನ್ನ ಕೆಲಸವಾಯಿತು.

ಯಾಕೆಂದರೆ ಮದುವೆಗೆ ಮುಂಚೆ ನಾನು ರೇಡಿಯೊ ಜೋಡಿಸುವ ಒಂದು ಕಾರ್ಖಾನೆಯಲ್ಲಿ ಮೂರು ವರ್ಷ ಬೆಸುಗೆ ಹಾಕುವ ಕೆಲಸ ಮಾಡಿದ್ದೆ. ನನ್ನ ತವರು ಜಯನಗರ, ಅಪ್ಪ ಗುಮಾಸ್ತರು. ಹುಳಿಮಾವಿನಲ್ಲಿ ನನಗೆ ಕಳೆ ಕೀಳಲು ಬರುವುದಿಲ್ಲ, ರಾಗಿ ಬೀಸಲು ಬರುವುದಿಲ್ಲ, ಸಗಣಿ ಬಾಚಿದರೆ ಅರ್ಧ ಅಲ್ಲೇ ಉಳಿಯುತ್ತದೆ ಎಂಬ ಮಾತಿತ್ತು. ಮಾತು ಸುಳ್ಳೂ ಆಗಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಮನೆಯವರಿಗೆಲ್ಲ ಬಾರದ ಒಂದು ಕೆಲಸ ನನಗೆ ಬರುತ್ತಿತ್ತು. ಭಾವ ಗಾಡಿ ನಿಲ್ಲಿಸಿ, "ನೋಡಮ್ಮಾ, ಮತ್ತೆ ಹೋಯ್ತು" ಎಂದು ಕರೆದರೆ ನಾನು ಕೈ ಒರೆಸಿಕೊಂಡು ಓಡುತ್ತಿದ್ದೆ.

ಫ್ಯೂಸೆಂದರೆ ಒಂದು ಸಣ್ಣ ಗಾಜಿನ ನಳಿಗೆ, ಒಳಗೆ ತೆಳುವಾದ ಒಂದು ಎಳೆ. ಎಲ್ಲಾದರೂ ತಂತಿಯ ಸಿಪ್ಪೆ ಹೋಗಿ ಅದು ಕಬ್ಬಿಣಕ್ಕೆ ತಾಗಿ ಕರೆಂಟು ಮಿತಿಮೀರಿ ಹರಿದರೆ, ಉಳಿದದ್ದೆಲ್ಲ ಸುಡುವ ಮೊದಲೇ ಈ ಎಳೆ ತಾನು ಕರಗಿ ದಾರಿ ಕಡಿದುಬಿಡುತ್ತದೆ. ನಾನು ಹಳೆಯದನ್ನು ಕಿತ್ತು ಹೊಸದನ್ನು ಹಾಕುತ್ತಿದ್ದೆ, ದೀಪ ಹತ್ತುತ್ತಿತ್ತು, ಎಲ್ಲರೂ ಭೇಷ್ ಎನ್ನುತ್ತಿದ್ದರು. ಎರಡು ದಿನ, ಮೂರು ದಿನ, ಮತ್ತೆ ಹೋಗುತ್ತಿತ್ತು. ಫ್ಯೂಸು ಯಾಕೆ ಹೋಗುತ್ತಿದೆ ಎಂದು ನಾನು ಕೇಳಿಕೊಳ್ಳಲಿಲ್ಲ. ಹಾಳಾದ ಫ್ಯೂಸು ಮಾರುತ್ತಾರೆ ಎಂದು ಅಂಗಡಿಯವನನ್ನು ಬೈದುಕೊಂಡೆ.

ಹೀಗಿರುವಾಗ ತಲಘಟ್ಟಪುರದಲ್ಲಿ ಒಂದು ಆರತಕ್ಷತೆ ಬಂತು. ಅದು ನನ್ನ ಓರಗಿತ್ತಿಯ, ಅಂದರೆ ಭಾವನ ಹೆಂಡತಿಯ, ತವರೂರು. ಅವಳ ತಮ್ಮನ ಮದುವೆಯಾಗಿತ್ತು. ಒಂದು ಭಾನುವಾರ ಸಂಜೆ. ಬಸ್ಸಿನಲ್ಲಿ ಹೋಗುವುದಾದರೆ ಸಿಟಿಗೆ ಹೋಗಿ ಅಲ್ಲಿಂದ ಕನಕಪುರ ರಸ್ತೆಯ ಬಸ್ಸು ಹಿಡಿಯಬೇಕು. ಅಡ್ಡದಾರಿಯಲ್ಲಿ ಗೊಟ್ಟಿಗೆರೆ, ಅಂಜನಾಪುರದ ಮೇಲೆ ಹೋದರೆ ಟ್ರ್ಯಾಕ್ಟರಿಗೆ ಒಂದೂವರೆ ಗಂಟೆ. ಟ್ರೇಲರ್ ತೊಳೆದು, ಹೊಸ ರಾಗಿ ಹುಲ್ಲು ಮೊಣಕಾಲುದ್ದ ಹರಡಿ, ಮೇಲೆ ಜಮಖಾನ ಹಾಸಿ, ಹೆಂಗಸರು ಮಕ್ಕಳೆಲ್ಲ ಅದರಲ್ಲಿ ಹೋಗುವುದೆಂದಾಯಿತು. ನನ್ನ ಗಂಡನಿಗೆ ಆ ದಿನವೂ ಕೆಲಸವಿತ್ತು, ಅವರು ಶಿಫ್ಟು ಮುಗಿಸಿ ನೇರವಾಗಿ ಅಲ್ಲಿಗೆ ಬರುವವರು. ನಾನು ಮನೆಯಲ್ಲಿ ಉಳಿಯಬೇಕಾಯಿತು, ಹಸು ಕರು ಹಾಕುವುದರಲ್ಲಿತ್ತು. ನನ್ನ ಮೂರು ವರ್ಷದ ಮಗಳು ಅಜ್ಜಿಯ ಜೊತೆ ಹೋಗುತ್ತೇನೆಂದು ಬೆಳಗಿನಿಂದಲೇ ಹೊಸ ಲಂಗ ಹಾಕಿಕೊಂಡು ಕೂತಿದ್ದಳು.

ನಾಲ್ಕೂವರೆಗೆ ಎಲ್ಲ ಸಿದ್ಧವಾದಾಗ ಭಾವ ದೀಪದ ಸ್ವಿಚ್ಚು ಹಾಕಿ ನೋಡಿದರು. ಹಿಂದಿನ ದೀಪ ಹತ್ತಲಿಲ್ಲ.

"ಏನಮ್ಮಾ, ಇವತ್ತೂ ಹೋಯ್ತಾ?"

"ನಿನ್ನೆ ಕಲ್ಲು ತಂದಾಗ್ಲೇ ಹೋಗಿದೆ ಭಾವ. ಬೇರೆ ಫ್ಯೂಸೂ ಇಲ್ಲ, ಎಲ್ಲಾ ಖಾಲಿ."

"ಅಂಗಡಿ?"

"ಭಾನುವಾರ ಅಲ್ವಾ, ಬಾಗಿಲು ಹಾಕಿರ್ತಾರೆ."

ಅತ್ತೆ ರೇಷ್ಮೆ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದವರು ಎದ್ದೇ ನಿಂತರು. "ದೀಪ ಇಲ್ದೆ ನಾನಂತೂ ಹತ್ತಲ್ಲ. ಮಕ್ಳನ್ನೂ ಹತ್ಸಕ್ಕೆ ಬಿಡಲ್ಲ. ಬರೋದು ಕತ್ಲಲ್ಲಿ."

ಓರಗಿತ್ತಿಯ ಕಣ್ಣಲ್ಲಿ ನೀರು ಬಂತು. "ನನ್ನ ತಮ್ಮನ ಆರತಕ್ಷತೆ. ನಾನೇ ಇಲ್ಲ ಅಂದ್ರೆ ನಮ್ಮಮ್ಮ ಏನಂದ್ಕೋತಾರೆ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಏನಾದ್ರೂ ಮಾಡೇ. ನಿಂಗೆ ಗೊತ್ತಿರುತ್ತಲ್ಲ" ಎಂದಳು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಾರ್ಖಾನೆಯಲ್ಲಿ ಕೆಲವು ಗಂಡಸರು ಫ್ಯೂಸು ಸಿಗದಿದ್ದಾಗ ಸಿಗರೇಟಿನ ಪ್ಯಾಕಿನೊಳಗಿನ ಬೆಳ್ಳಿ ಕಾಗದ ಸುತ್ತಿ ಹಾಕುತ್ತಿದ್ದದ್ದನ್ನು ನಾನು ಕಂಡಿದ್ದೆ. ನಮ್ಮ ಸೂಪರ್‌ವೈಸರ್ ಅದನ್ನು ಕಂಡರೆ ಕೆಂಡವಾಗುತ್ತಿದ್ದರು ಎಂಬುದೂ ನೆನಪಿತ್ತು. ಒಂದು ಸಂಜೆಯ ಮಟ್ಟಿಗೆ ಏನಾದೀತು ಎಂದುಕೊಂಡೆ. "ಭಾವ, ನಿಮ್ಮ ಸಿಗರೇಟ್ ಪ್ಯಾಕ್ ಕೊಡಿ" ಎಂದೆ.

ಹೋದ ಫ್ಯೂಸಿಗೇ ಕಾಗದವನ್ನು ಎರಡು ಸುತ್ತು ಸುತ್ತಿ ಅದರ ಜಾಗಕ್ಕೆ ಒತ್ತಿದೆ. ಭಾವ ಸ್ವಿಚ್ಚು ಹಾಕಿದರು. ಎರಡೂ ದೀಪ ಝಗ್ಗೆಂದು ಹತ್ತಿದವು. ಮಕ್ಕಳು ಚಪ್ಪಾಳೆ ತಟ್ಟಿದರು. ಅತ್ತೆ ನನ್ನ ತಲೆ ಮುಟ್ಟಿ, "ಓದಿರೋಳು ಅಂದ್ರೆ ಓದಿರೋಳೇ" ಎಂದರು. ನಾಲ್ಕು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಹಗಲಲ್ಲಿ ಯಾಕೆಂದು ಭಾವ ದೀಪ ಆರಿಸಿದರು, ಎಲ್ಲರೂ ಹತ್ತಿದರು. ಮಗಳು ಅಜ್ಜಿಯ ಮಡಿಲಿನಿಂದ ಕೈ ಬೀಸಿದಳು. ಗಾಡಿ ಕೆರೆ ಏರಿಯ ಮೇಲೆ ತಿರುಗಿ ಮರೆಯಾಯಿತು.

ನಾನು ಕೊಟ್ಟಿಗೆಗೆ ಹೋಗಿ ಹಸುವಿನ ಹತ್ತಿರ ಕೂತೆ. ಸೆರಗಿನ ತುದಿಯಲ್ಲಿ ಏನೋ ಗಂಟಿತ್ತು. ಬಿಚ್ಚಿದರೆ ಹಳೆಯ ಫ್ಯೂಸುಗಳು. ಅಂಗಡಿಯವನಿಗೆ ತೋರಿಸಿ ಜಗಳವಾಡಬೇಕೆಂದು ಕಟ್ಟಿಟ್ಟುಕೊಂಡಿದ್ದೆ, ಐದೋ ಆರೋ ಇದ್ದವು. ಮಾಡಲು ಬೇರೆ ಕೆಲಸವಿಲ್ಲದೆ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ.

ಎಲ್ಲದರ ಗಾಜೂ ಒಳಗಿನಿಂದ ಕಪ್ಪಾಗಿತ್ತು.

ಆಗ ಸೂಪರ್‌ವೈಸರ್ ಹೇಳಿದ್ದ ಮಾತು ನೆನಪಾಯಿತು. ಗಾಜು ತಿಳಿಯಾಗಿದ್ದು ಎಳೆ ಮಧ್ಯದಲ್ಲಿ ಕಡಿದಿದ್ದರೆ ಫ್ಯೂಸು ಸೋತು ಹೋಗಿದೆ ಅಂತ. ಗಾಜು ಕಪ್ಪಗಾಗಿದ್ದರೆ ಎಲ್ಲೋ ಬರಿಮೈ ತಂತಿ ಕಬ್ಬಿಣಕ್ಕೆ ಬಡಿದಿದೆ ಅಂತ. ಒಂದು ಕಪ್ಪಾದರೆ ಇರಲಿ. ಎಲ್ಲವೂ ಕಪ್ಪು. ಅಂದರೆ ಫ್ಯೂಸಿನ ತಪ್ಪಲ್ಲ. ಟ್ರೇಲರಿನ ತಂತಿ ಎಲ್ಲೋ ಸುಲಿದುಹೋಗಿದೆ.

ಆದರೆ ಈಗ ತಾನೆ ಹತ್ತಿತಲ್ಲ, ಕಾಗದವೂ ಸುಡಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗ ಇನ್ನೊಂದು ಹೊಳೆಯಿತು. ನಾನು ಫ್ಯೂಸು ಹಾಕಿ ಪರೀಕ್ಷೆ ಮಾಡಿದ್ದೆಲ್ಲ ಖಾಲಿ ಟ್ರೇಲರಿನಲ್ಲಿ. ಫ್ಯೂಸು ಹೋಗುತ್ತಿದ್ದದ್ದೆಲ್ಲ ಕಲ್ಲು ತುಂಬಿದ ದಿನ. ಭಾರ ಬಿದ್ದಾಗ ಹಲಗೆ ಬಾಗುತ್ತದೆ. ಬಾಗಿದ ಹಲಗೆ ಅಡಿಯ ತಂತಿಯನ್ನು ಚಾಸಿಯ ಕಬ್ಬಿಣಕ್ಕೆ ಒತ್ತುತ್ತದೆ. ಈಗ ಹಲಗೆಯ ಮೇಲೆ ಹದಿನೈದು ಜನ ಕೂತಿದ್ದಾರೆ. ದಾರಿ ಕಡಿಯುತ್ತಿದ್ದ ಎಳೆಯ ಜಾಗದಲ್ಲಿ ನಾನು ಸುತ್ತಿದ ಕಾಗದವಿದೆ, ಅದು ಸುಲಭಕ್ಕೆ ಕರಗುವುದಿಲ್ಲ. ಕರಗದಿದ್ದರೆ ತಂತಿ ಕಾಯುತ್ತದೆ, ಕೆಂಪಗೆ ಕಾಯುತ್ತದೆ. ಮತ್ತು ಹಲಗೆಯ ಸಂದುಗಳಲ್ಲಿ ಒಣ ರಾಗಿ ಹುಲ್ಲು ಇಳಿದು ಕೂತಿದೆ.

ಫ್ಯೂಸುಗಳನ್ನು ಅಲ್ಲೇ ಚೆಲ್ಲಿ ಎದ್ದೆ.

ಹೊರಗೆ ಬಂದು ನೋಡಿದೆ. ಸೂರ್ಯ ತೆಂಗಿನ ಮರದ ಗರಿಗಳ ಮಟ್ಟದಲ್ಲಿದ್ದ. ಭಾವ ದೀಪ ಹಾಕುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ಏನೂ ಆಗುವುದಿಲ್ಲ. ಹಾಗೆಂದು ಗಟ್ಟಿಯಾಗಿಯೇ ಹೇಳಿಕೊಂಡೆ: ಕತ್ತಲಾಗೋವರೆಗೆ ಏನೂ ಆಗಲ್ಲ. ಅವರು ಗೊಟ್ಟಿಗೆರೆಯಲ್ಲಿ ನಿಲ್ಲುತ್ತಾರೆ, ಅತ್ತೆಯ ತಂಗಿ, ಅಂದರೆ ಚಿಕ್ಕತ್ತೆಯ ಮನೆಯವರನ್ನು ಹತ್ತಿಸಿಕೊಳ್ಳಬೇಕು. ಅಲ್ಲಿ ಕಾಫಿ ಕುಡಿಯದೆ ಬಿಡುವುದಿಲ್ಲ. ಗಂಡನ ಸೈಕಲ್ಲು ಗೋಡೆಗೆ ಒರಗಿತ್ತು.

ಪಕ್ಕದ ಮನೆಯ ಅಜ್ಜಿಗೆ, "ಹಸು ನೋಡ್ಕೊಳ್ಳಿ ಅಜ್ಜಿ, ಬಂದೆ" ಎಂದು ಕೂಗಿದೆ.

"ಎಲ್ಲಿಗವ್ವಾ ಇಷ್ಟೊತ್ನಲ್ಲಿ? ಸೈಕಲ್ ಯಾಕೆ?" ಎಂದು ಅವರು ಕೇಳುತ್ತಿರುವಾಗಲೇ ನಾನು ಸೀರೆಯನ್ನು ಕಚ್ಚೆಯಂತೆ ಎತ್ತಿ ಸಿಕ್ಕಿಸಿ, ಅಡ್ಡ ಕಂಬಿಯ ಮೇಲೆ ಕಾಲು ಹಾಕಿ ಹತ್ತಿಬಿಟ್ಟಿದ್ದೆ. ಹುಡುಗಿಯಾಗಿದ್ದಾಗ ಜಯನಗರದ ಖಾಲಿ ಮೈದಾನದಲ್ಲಿ ಅಣ್ಣನ ಸೈಕಲ್ಲು ಹೊಡೆದದ್ದು ಬಿಟ್ಟರೆ ಮುಟ್ಟಿರಲಿಲ್ಲ. ಕೆರೆ ಏರಿಯ ಮೇಲೆ ಕೂತಿದ್ದ ಗಂಡಸರು ಮಾತು ನಿಲ್ಲಿಸಿ ನೋಡಿದರು. ಸೊಸೆಯೊಬ್ಬಳು ಹಾಗೆ ಹೋಗುವುದನ್ನು ಆ ಊರು ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ನಾಚಿಕೆಯಿಂದಲೇ ಬೀಳುತ್ತಿದ್ದೆ.

ಗೊಟ್ಟಿಗೆರೆಯವರೆಗೆ ಡಾಂಬರು ರಸ್ತೆ. ಉಸಿರು ಕಟ್ಟುವಂತೆ ತುಳಿದೆ. ಚಿಕ್ಕತ್ತೆಯ ಮನೆಯ ಮುಂದೆ ಗಾಡಿ ಇರಲಿಲ್ಲ. ಅವರ ಮಾವ, ಕಣ್ಣು ಮಂಜಾದ ಮುದುಕರು, ಜಗಲಿಯ ಮೇಲೆ ಒಬ್ಬರೇ ಕೂತಿದ್ದರು.

"ತಾತಾ, ಟ್ರ್ಯಾಕ್ಟರ್ ಹೋಯ್ತಾ?"

"ಈಗ್ತಾನೆ ಹೋದ್ರು ಕಣಮ್ಮ. ಯಾರು ನೀನು?"

"ಹುಳಿಮಾವಿನ ಸಣ್ಣ ಸೊಸೆ ತಾತ. ದೀಪ ಹಾಕಿದ್ರಾ ಗಾಡಿಗೆ?"

"ಇನ್ನೂ ಬೆಳಕದೆಯಲ್ಲಮ್ಮ, ದೀಪ ಯಾಕೆ? ಕುತ್ಕೊ, ನೀರು ಕುಡಿ."

ನಿಲ್ಲಲಿಲ್ಲ. ಅಲ್ಲಿಂದ ಗಾಡಿ ಜಾಡಿನ ಮಣ್ಣು ರಸ್ತೆ. ಎರಡು ಕಡೆ ಕೊಯ್ದ ಹೊಲ, ಮಧ್ಯೆ ಆಳವಾದ ಚಕ್ರದ ಗುರುತು. ಒಂದು ಕಡೆ ಮುಂದಿನ ಚಕ್ರ ಜಾಡಿಗೆ ಇಳಿದು ಅಡ್ಡಬಿದ್ದೆ. ಮೊಣಕೈ ಸುಲಿಯಿತು, ಚೈನು ಕಳಚಿತು. ಆತುರದಲ್ಲಿ ಚೈನು ಹಲ್ಲಿಗೆ ಕೂರಲೇ ಇಲ್ಲ. ಪಶ್ಚಿಮದ ಕಡೆಗೇ ಮುಖ ಮಾಡಿದ ರಸ್ತೆ. ಎದುರಿಗೆ ಸೂರ್ಯ ಹೊಲದ ಅಂಚು ಮುಟ್ಟಿದ್ದ. ಸ್ವಲ್ಪ ಇರಪ್ಪಾ, ಇನ್ನೊಂದು ಸ್ವಲ್ಪ ಇರು ಎಂದು ಸೂರ್ಯನಿಗೇ ಹೇಳುತ್ತಿದ್ದೆ. ಚೈನು ಕೂತಾಗ ಕಣ್ಣೆತ್ತಿ ನೋಡಿದರೆ ಅವನು ಇರಲಿಲ್ಲ.

ಮತ್ತೆ ತುಳಿದೆ. ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತು. ದೂರದಲ್ಲಿ ಟ್ರ್ಯಾಕ್ಟರಿನ ಗುಡುಗುಡು ಕೇಳಿತು. ಒಂದು ದಿಬ್ಬ ಹತ್ತಿದೆ. ಆಚೆ ತಗ್ಗಿನಲ್ಲಿ, ಅರ್ಧ ಫರ್ಲಾಂಗು ಮುಂದೆ, ಎರಡು ಕೆಂಪು ದೀಪ ಉರಿಯುತ್ತಿದ್ದವು.

ಭಾವ ಅಮ್ಮನ ಮಾತು ಪಾಲಿಸಿದ್ದರು. ಸೂರ್ಯ ಮುಳುಗಿದ ಕೂಡಲೇ ದೀಪ ಹಾಕಿದ್ದರು.

ನೋಡುತ್ತಿದ್ದ ಹಾಗೆ ಗಾಡಿ ಒಂದು ಗುಂಡಿಗೆ ಇಳಿಯಿತು, ಎರಡೂ ದೀಪ ಒಟ್ಟಿಗೆ ಮಂಕಾದವು, ಮತ್ತೆ ಹತ್ತಿದವು. ಮತ್ತೊಂದು ಗುಂಡಿ, ಮತ್ತೆ ಮಂಕು. ಪ್ರತಿಸಲ ಮಂಕಾದಾಗಲೂ ಅಡಿಯಲ್ಲಿ ಏನಾಗುತ್ತಿದೆ ಎಂದು ನನಗೆ ಗೊತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಜೋರಾಗಿ ಕಿರುಚಿದ್ದಿಲ್ಲ. "ಲೈಟ್ ಆರ್ಸಿ! ಭಾವಾ, ಲೈಟ್ ಆರ್ಸಿ!" ಟ್ರ್ಯಾಕ್ಟರಿನ ಸದ್ದಿನಲ್ಲಿ ನನ್ನ ಸದ್ದು ನನಗೇ ಕೇಳಲಿಲ್ಲ.

ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ಬಿಟ್ಟೆ. ಹಿಂಬಾಗಿಲಿನ ಹತ್ತಿರ ಕೂತಿದ್ದ ಓರಗಿತ್ತಿಯ ಮಕ್ಕಳಿಬ್ಬರು ಮೊದಲು ನನ್ನನ್ನು ಕಂಡರು. "ಚಿಕ್ಕಮ್ಮ! ಚಿಕ್ಕಮ್ಮ ಸೈಕಲ್ ಹೊಡೀತವ್ಳೆ!" ಎಂದು ಕುಣಿದರು. ಹೆಂಗಸರು ತಿರುಗಿ ನೋಡಿ ನಕ್ಕರು, ಯಾರೋ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಒಂದು ಕೈ ಬಿಟ್ಟು ಕೆಳಗೆ, ಕೆಳಗೆ ಎಂದು ತೋರಿಸುತ್ತಿದ್ದೆ. ಅವರು ನಾನು ಕೈ ಬೀಸುತ್ತಿದ್ದೇನೆಂದುಕೊಂಡು ತಾವೂ ಬೀಸಿದರು.

ನಗದಿದ್ದವರು ಅತ್ತೆ ಒಬ್ಬರೇ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಮೂಗು ಎತ್ತಿ ಗಾಳಿಯನ್ನು ಮೂಸಿದರು. ಪಕ್ಕದಲ್ಲಿದ್ದ ತಾಂಬೂಲದ ತಟ್ಟೆ ಎತ್ತಿಕೊಂಡು ಟ್ರೇಲರಿನ ಕಬ್ಬಿಣದ ಪಕ್ಕೆಗೆ ದಡ ದಡ ಬಡಿಯತೊಡಗಿದರು. ಭಾವ ಹಿಂತಿರುಗಿ ನೋಡಿ ಗಾಡಿ ನಿಲ್ಲಿಸಿದರು. ಅಷ್ಟರಲ್ಲಿ ಎಡಭಾಗದ ಹಲಗೆಗಳ ಸಂದಿನಿಂದ ಬೆಳ್ಳಗೆ ಹೊಗೆ ಏಳುತ್ತಿತ್ತು.

ಸೈಕಲ್ಲು ಬಿಸಾಕಿ ಓಡಿ, ಟ್ರ್ಯಾಕ್ಟರಿನ ಹಿಂದಿನ ಪ್ಲಗ್ಗು ಹಿಡಿದು ಕಿತ್ತೆ. ಅದು ಸುಡುತ್ತಿತ್ತು, ಬೆರಳಿನ ಚರ್ಮ ಅಂಟಿಕೊಂಡಿತು. ದೀಪ ಆರಿದವು. ಆದರೆ ಹುಲ್ಲು ಆಗಲೇ ಹಿಡಿದಿತ್ತು. ಜಮಖಾನದ ಒಂದು ಅಂಚು ಕಪ್ಪಾಗಿ ಸುರುಟಿ, ಅದರಡಿಯಿಂದ ಒಂದು ಸಣ್ಣ ಉರಿ ನಾಲಗೆ ಚಾಚಿತು.

"ಇಳೀರಿ, ಎಲ್ಲಾ ಇಳೀರಿ!" ಎಂದು ಭಾವ ಕೂಗಿದರು. ಹೆಂಗಸರು ಹಿಂಬಾಗಿಲಿನಿಂದ, ಪಕ್ಕೆಯಿಂದ, ಹೇಗೆ ಬಂದರೆ ಹಾಗೆ ಹಾರಿದರು. ಮಕ್ಕಳನ್ನು ಒಬ್ಬರ ಕೈಯಿಂದ ಒಬ್ಬರು ಇಳಿಸಿಕೊಂಡರು. ಅಳು, ಕೂಗಾಟ, ಹೊಗೆ. ಅತ್ತೆಯನ್ನು ಇಬ್ಬರು ಹಿಡಿದು ಇಳಿಸಿದರು. ಅವರ ಮಡಿಲು ಖಾಲಿಯಾಗಿತ್ತು.

"ಅತ್ತೆ, ಮಗು ಎಲ್ಲಿ?"

ಅತ್ತೆ ಓರಗಿತ್ತಿಯ ಕಡೆ ತಿರುಗಿದರು. "ನಿನ್ನ ಹತ್ರ ಕೊಟ್ನಲ್ಲ?"

"ನಂಗೆಲ್ಲಿ ಕೊಟ್ರಿ? ಗೊಟ್ಟಿಗೆರೇಲಿ ಚಿಕ್ಕತ್ತೆ ಹತ್ರ..."

"ನಾನು ಮಲಗಿಸ್ದೆ ಕಣೇ," ಎಂದರು ಚಿಕ್ಕತ್ತೆ. "ನಿದ್ದೆ ಮಾಡ್ತಿದ್ಲು. ಚಳಿ ಅಂತ ಮುಂದ್ಗಡೆ ಮೂಲೇಲಿ ಶಾಲು ಹೊದ್ಸಿ..."

ಉಳಿದ ಮಾತು ನಾನು ಕೇಳಲಿಲ್ಲ. ಚಕ್ರದ ಮೇಲೆ ಕಾಲಿಟ್ಟು ಹತ್ತಿದ್ದು ನೆನಪಿದೆ. ಹೊಗೆಯಲ್ಲಿ ಕಣ್ಣು ಬಿಡಲಾಗಲಿಲ್ಲ. ಕಣ್ಣು ಮುಚ್ಚಿಯೇ ಮುಂದಿನ ಮೂಲೆಗೆ ತೆವಳಿ ಎರಡೂ ಕೈಯಿಂದ ಹುಲ್ಲು ತಡವಿದೆ. ಹುಲ್ಲು, ಯಾರದೋ ಚಪ್ಪಲಿ, ಬಾಳೆಹಣ್ಣಿನ ಚಿಪ್ಪು, ಮತ್ತೆ ಹುಲ್ಲು. ಎಷ್ಟು ಹೊತ್ತು ಎಂದರೆ ಹೇಳಲಾರೆ; ಆಮೇಲೆ ಭಾವ ಒಂದು ಗಳಿಗೆಯೂ ಇರಲಿಲ್ಲ ಎಂದರು. ನನಗೆ ಮಾತ್ರ ಆ ಮೂಲೆಗೆ ಕೊನೆಯೇ ಇರಲಿಲ್ಲ. ಕೈಗೆ ಉಣ್ಣೆ ಸಿಕ್ಕಿತು. ಉಣ್ಣೆಯ ಒಳಗೆ ಒಂದು ಪುಟ್ಟ ಕಾಲು. ಎಳೆದೆ. ಮಗಳು ಕೆಮ್ಮಿದಳು. ಆ ಕೆಮ್ಮು ಕೇಳಿದ ಮೇಲೆಯೇ ನನಗೆ ಉಸಿರು ಬಂದದ್ದು.

ಭಾವ ಕೆಳಗಿನಿಂದ ಕೈ ಚಾಚಿ ಇಬ್ಬರನ್ನೂ ಇಳಿಸಿಕೊಂಡರು. ಗೊಟ್ಟಿಗೆರೆಯಲ್ಲಿ ಹತ್ತಿದ್ದ ಗಂಡಸರು ಹಿಂಬಾಗಿಲು ಬಿಚ್ಚಿ ಹುಲ್ಲನ್ನೆಲ್ಲ ನೆಲಕ್ಕೆಳೆದು ಮಣ್ಣು ಎರಚಿದರು. ಕುಡಿಯುವ ನೀರಿನ ಬಿಂದಿಗೆಯನ್ನು ಹಲಗೆಯ ಮೇಲೆ ಬಗ್ಗಿಸಿದರು. ಉರಿ ಆರಿತು. ಎರಡು ಹಲಗೆ, ಜಮಖಾನದ ಅರ್ಧ, ಯಾರದೋ ಸೀರೆಯ ಅಂಚು ಸುಟ್ಟಿದ್ದವು. ನನ್ನ ಬೆರಳು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಮಗಳ ಹುಬ್ಬಿನ ಮೇಲೆ ಬೂದಿ ಇತ್ತು, ಅಷ್ಟೇ.

ಎಲ್ಲರೂ ಬದುವಿನ ಮೇಲೆ ಕೂತರು. ಆಮೇಲೆ ಭಾವ ಎದ್ದು, "ಆ ಎಲೆಕ್ಟ್ರಿಷಿಯನ್ನ ನಾಳೆ ಸುಮ್ನೆ ಬಿಡಲ್ಲ. ಹದಿನೈದು ಜನ ಸಾಯ್ತಿದ್ವಿ" ಎಂದರು.

ನನ್ನ ಭಯ ಮುಗಿದಿರಲಿಲ್ಲ. ಇನ್ನೊಂದು ಥರದ್ದು ಶುರುವಾಯಿತು. ಸುಮ್ಮನಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನಾನು ಓಡಿಬಂದು ಉಳಿಸಿದವಳಾಗುತ್ತಿದ್ದೆ. ಹಾಗೆ ಯೋಚಿಸಿದ್ದು ನಿಜ. ಆದರೆ ಸುಮ್ಮನಿದ್ದರೆ ನಾಳೆ ಭಾವ ಹೋಗಿ ಬೇರೊಬ್ಬನ ಕುತ್ತಿಗೆಪಟ್ಟಿ ಹಿಡಿಯುತ್ತಾರೆ, ಆ ಕಾಗದವೂ ಅಲ್ಲೇ ಉಳಿಯುತ್ತದೆ.

"ಭಾವ, ತಂತಿ ಹಾಕಿದ್ದು ಅವನ ತಪ್ಪಿರಬಹುದು. ಬೆಂಕಿ ಹತ್ತಿದ್ದು ನನ್ನಿಂದ. ಫ್ಯೂಸ್ ಇದ್ದಿದ್ರೆ ದೀಪ ಆರ್ತಿತ್ತು, ಅಷ್ಟೇ. ನಾನು ಅದನ್ನ ಆರೋಕೆ ಬಿಡ್ದೆ ಕಾಗದ ಸುತ್ತಿಬಿಟ್ಟೆ. ಹಾಗೆ ಮಾಡ್ಬಾರ್ದು ಅಂತ ನಂಗೆ ಗೊತ್ತಿತ್ತು."

ಓರಗಿತ್ತಿ ತನ್ನ ಮಕ್ಕಳಿಬ್ಬರನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಅತ್ತೆ ಸುಟ್ಟ ಹುಲ್ಲಿನಿಂದ ಕಣ್ಣೆತ್ತಿ, "ಗೊತ್ತಿದ್ದೂ ಮಾಡ್ದೆಯಾ?" ಎಂದರು.

"ಹೂಂ ಅತ್ತೆ."

"ಯಾಕೆ?"

"ಎಲ್ರೂ ಕಾಯ್ತಿದ್ರಿ. ಆಗಲ್ಲ ಅನ್ನೋಕೆ ಆಗ್ಲಿಲ್ಲ."

ಅಂಜನಾಪುರದವರೆಗೆ ಎಲ್ಲರೂ ಗಾಡಿಯ ಪಕ್ಕದಲ್ಲಿ ನಡೆದೆವು. ಅಲ್ಲಿಂದ ಹೇಳಿಕಳಿಸಿದ ಮೇಲೆ ಓರಗಿತ್ತಿಯ ಕಡೆಯವರು ಎತ್ತಿನ ಗಾಡಿ ತಂದು ಕರೆದುಕೊಂಡು ಹೋದರು. ನಾನು ಆರತಕ್ಷತೆಯಲ್ಲಿ ಅಡುಗೆಯವರ ಹಿಂದೆ ಒಂದು ಮೂಲೆಯಲ್ಲಿ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಹೊಗೆ ವಾಸನೆ ಹೊಡೆಯುತ್ತಿದ್ದ ಸೀರೆಯಲ್ಲಿ ಇನ್ನೆಲ್ಲಿ ಕೂರುವುದು. ಗಂಡ ಬಂದು ಪಕ್ಕದಲ್ಲಿ ಕೂತರು, ವಿಷಯ ಕೇಳಿ ನನ್ನ ಸುಟ್ಟ ಬೆರಳು ನೋಡಿದರು. ಬೆಳಿಗ್ಗೆ ಮನೆಗೆ ಬಂದರೆ ಪಕ್ಕದ ಮನೆಯ ಅಜ್ಜಿ ಹೆಣ್ಣು ಕರು ಎಂದು ಹೇಳಿ, ಬೈದು, ಹೋದರು.

ಆ ವಾರವೆಲ್ಲ ಟ್ರ್ಯಾಕ್ಟರು ಹೊರಗೆ ಹೋಗಲಿಲ್ಲ. ಓರಗಿತ್ತಿ ನನ್ನ ಜೊತೆ ಮಾತಾಡಲಿಲ್ಲ, ತಟ್ಟೆಯನ್ನು ಮಾತ್ರ ಮುಂದೆ ತಳ್ಳುತ್ತಿದ್ದಳು. ನಾನು ಕಣ್ಣು ಮುಚ್ಚಿದರೆ ಕೈ ಹುಲ್ಲು ತಡವುತ್ತಿತ್ತು. ಐದನೆಯ ದಿನ ಭಾವ ಜಯನಗರಕ್ಕೆ ಹೋಗಿ ಒಂದು ಡಬ್ಬಿ ಫ್ಯೂಸು ತಂದು ನನ್ನ ಮುಂದಿಟ್ಟರು.

"ಬಾಮ್ಮ. ಎಲ್ಲಿ ಅಂತ ಹುಡುಕೋಣ."

"ನಾನು ಮುಟ್ಟಲ್ಲ ಭಾವ."

"ನೀನೇ ಹುಡುಕ್ಬೇಕು. ಬೇರೆಯೋನು ಬಂದು ಸರಿ ಮಾಡಿದ್ರೆ ನಿನ್ನ ಹೆದ್ರಿಕೆ ಹೋಗಲ್ಲ, ನಂದೂ ಹೋಗಲ್ಲ."

ಮೊದಲು ಟ್ರೇಲರಿನ ಪ್ಲಗ್ಗು ಕಿತ್ತು, ಟ್ರ್ಯಾಕ್ಟರಿಗೆ ಮಾತ್ರ ಹೊಸ ಫ್ಯೂಸು ಹಾಕಿ ಸ್ವಿಚ್ಚು ಹಾಕಿದೆವು. ಫ್ಯೂಸು ನಿಂತಿತು. ಹಾಗಾದರೆ ಟ್ರ್ಯಾಕ್ಟರಿನಲ್ಲಿ ದೋಷವಿಲ್ಲ. ಸುಟ್ಟ ಹಲಗೆಗಳ ಜಾಗಕ್ಕೆ ಬೇರೆ ಹಲಗೆ ಹಾಕಿದ್ದರು. ಕರಗಿಹೋದ ತುಂಡು ತಂತಿಯನ್ನು ಕತ್ತರಿಸಿ ಹೊಸ ತುಂಡು ಸೇರಿಸಿದೆ. ಅಲ್ಲಿಗೆ ಮುಗಿಯಿತೆಂದು ಭಾವ ಅಂದುಕೊಂಡರು. ನನಗೆ ನಂಬಿಕೆ ಬರಲಿಲ್ಲ. ಫ್ಯೂಸಿನ ಜಾಗದಲ್ಲಿ ಹೆಡ್‌ಲೈಟಿನ ಒಂದು ಹಳೆಯ ಬಲ್ಬನ್ನು ತಂತಿ ಕಟ್ಟಿ ಜೋಡಿಸಿದೆ. ಎಲ್ಲೂ ತಂತಿ ಕಬ್ಬಿಣಕ್ಕೆ ತಾಗದಿದ್ದರೆ ಈ ಬಲ್ಬು ಮಂಕಾಗಿ ಮಿಣುಕುತ್ತದೆ. ತಾಗಿದರೆ ಪೂರ್ತಿ ಬೆಳಕು ಕೊಡುತ್ತದೆ. ಫ್ಯೂಸೂ ಹೋಗುವುದಿಲ್ಲ, ತಂತಿಯೂ ಸುಡುವುದಿಲ್ಲ. ಪ್ಲಗ್ಗು ಸೇರಿಸಿದೆವು. ಬಲ್ಬು ಮಂಕಾಗಿತ್ತು.

"ಸರಿ ಇದೆಯಲ್ಲ," ಎಂದರು ಭಾವ.

"ಯಾರಾದ್ರೂ ಹತ್ತಬೇಕು."

ಭಾವ ಹತ್ತಿದರು. ಮಂಕೇ. ಪಕ್ಕದ ಮನೆಯವರು ಮೂವರು ಹತ್ತಿದರು. ಮಂಕೇ. ಆಗ ಅತ್ತೆ ಜಗಲಿಯಿಂದ ಇಳಿದು ಬಂದು, ಯಾರ ಕೈಯನ್ನೂ ಹಿಡಿಯದೆ, ಹಿಂಬಾಗಿಲಿನಿಂದ ಮೇಲೆ ಹತ್ತಿ ಬಲಗಡೆ ಮಧ್ಯದಲ್ಲಿ ಕೂತರು. ಓರಗಿತ್ತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, ಮಕ್ಕಳಿಗೆ ಅಲ್ಲೇ ಇರಲು ಹೇಳಿ, ತಾನೂ ಬಂದು ಅತ್ತೆಯ ಪಕ್ಕ ಕೂತಳು. ಬಲ್ಬು ಝಗ್ಗೆಂದು ಬೆಳಗಿತು.

"ಇಳೀಬೇಡಿ, ಹಾಗೇ ಇರಿ" ಎಂದು ಹೇಳಿ ಟ್ರೇಲರಿನ ಅಡಿಗೆ ನುಸುಳಿದೆ. ಅವರು ಕೂತ ಹಲಗೆಯ ನೇರಕ್ಕೆ ಅಡಿಯಲ್ಲಿ ತಂತಿ ಚಾಸಿಯ ಒಂದು ಮೂಲೆಗಂಬಿಗೆ ಒತ್ತಿಕೊಂಡಿತ್ತು. ಸಿಪ್ಪೆ ಹೋಗಿ ತಾಮ್ರ ಹೊಳೆಯುತ್ತಿತ್ತು. ಆ ದಿನ ಸುಟ್ಟದ್ದು ಎಡಗಡೆ. ಇದು ಎರಡನೆಯದು, ಕಾದು ಕೂತಿತ್ತು. ಅದೊಂದನ್ನು ಬಿಟ್ಟುಬಿಟ್ಟಿದ್ದರೆ ಎಂದು ಯೋಚಿಸುತ್ತ ಅಲ್ಲೇ ಮಣ್ಣಿನ ಮೇಲೆ ಮಲಗಿ ಅತ್ತುಬಿಟ್ಟೆ.

ಹಳೆಯ ತಂತಿ ಪೂರ್ತಿ ಕಿತ್ತು ಹಾಕಿದೆವು. ಹೊಸ ತಂತಿಯನ್ನು ರಬ್ಬರ್ ಪೈಪಿನೊಳಗೆ ತೂರಿಸಿ, ಹಲಗೆಯ ಅಡಿಯಲ್ಲಲ್ಲ, ಟ್ರೇಲರಿನ ಹೊರ ಅಂಚಿನಲ್ಲಿ ಕಣ್ಣಿಗೆ ಕಾಣುವ ಹಾಗೆ ಕಟ್ಟಿದೆ. ಮತ್ತೆ ಎಲ್ಲರನ್ನೂ ಹತ್ತಿಸಿದೆ, ಕುಣಿಸಿದೆ, ಬಲ್ಬು ಬೆಳಗಲಿಲ್ಲ. ಬಲ್ಬು ತೆಗೆದು ನಿಜವಾದ ಫ್ಯೂಸು ಹಾಕಿದೆ. ಅದು ಎರಡು ವರ್ಷ ಹೋಗಲಿಲ್ಲ.

ಆಮೇಲೆ ಬಂದ ಮೊದಲ ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಲು ನನ್ನ ತವರಿಗೆ ಹೊರಟೆವು. ಬಸ್ಸಿದೆ, ಬಸ್ಸಿನಲ್ಲಿ ಹೋಗೋಣ ಎಂದೆ. ಅತ್ತೆ ಕೇಳಲಿಲ್ಲ. "ಒಂದ್ಸಲ ಹೋಗ್ಲೇಬೇಕು. ಇಲ್ದಿದ್ರೆ ಈ ಗಾಡಿ ಕಂಡ್ರೆ ಮಕ್ಳು ಅಳೋದು ನಿಲ್ಸಲ್ಲ" ಎಂದು ತಾವೇ ಮೊದಲು ಹತ್ತಿ ಮಗಳನ್ನು ಎತ್ತಿಕೊಂಡರು. ಓರಗಿತ್ತಿ ತನ್ನ ಮಕ್ಕಳನ್ನು ನನ್ನ ಪಕ್ಕದಲ್ಲೇ ಕೂರಿಸಿದಳು. ಹುಲ್ಲು ಹಾಕಿರಲಿಲ್ಲ, ಬರಿಯ ಚಾಪೆ. ವಾಪಸ್ಸು ಬರುವಾಗ ಕತ್ತಲಾಗುತ್ತಿತ್ತು. ಭಾವ ದೀಪ ಹಾಕಿದ್ದು ರಸ್ತೆಯ ಮೇಲೆ ಬಿದ್ದ ಕೆಂಪು ಬೆಳಕಿನಿಂದ ತಿಳಿಯಿತು. ಜಯನಗರ ದಾಟಿ ಹುಳಿಮಾವು ಸೇರುವವರೆಗೆ ನಾನು ಚಾಪೆಯ ಅಡಿಗೆ ಕೈ ತೂರಿಸಿ ಹಲಗೆ ಮುಟ್ಟಿಕೊಂಡೇ ಇದ್ದೆ. ಹಲಗೆ ತಣ್ಣಗೇ ಇತ್ತು. ಆದರೂ ಕೈ ತೆಗೆಯಲಿಲ್ಲ. ಅತ್ತೆ ಅದನ್ನು ಕಂಡು ತಮ್ಮ ಕಡೆಯ ಚಾಪೆಯ ಅಡಿಗೆ ತಾವೂ ಕೈ ಇಟ್ಟುಕೊಂಡರು.